‘ಸೋಷಿಯಲ್ ಪಾಲಿಸಿನಾ? ಅದರಲ್ಲಿ ಏನು ಕಲಿಸ್ತಾರೆ?’

ಬೆಂಗಳೂರಿಗೆ ಬಂದಾಗ ಯಾರ ಮನೆಗೆ ಹೋದರೂ, ಪಿಯುಸಿ ಓದುವ ಮಕ್ಕಳಿರುವ ಅಪ್ಪ-ಅಮ್ಮಂದಿರು ಕೇಳಿಯೇ ಕೇಳುತ್ತಾರೆ: “ಇಂಗ್ಲೆಂಡಿನಲ್ಲಿ ಮೂರು ವರ್ಷ ಸೋಷಿಯಲ್ ಪಾಲಿಸಿ ಓದಿದೆಯಂತಲ್ಲಮ್ಮ, ಏನು ಕಲಿಸ್ತಾರೆ ಅದರಲ್ಲಿ? ಎಂ.ಎಸ್.ಡಬ್ಲ್ಯು. ಥರಾನಾ?” ಅಷ್ಟರಲ್ಲಿ ಕಾಫಿ ಬರುತ್ತದೆ, ಮಾತು ಬೇರೆಲ್ಲಿಗೋ ಹೋಗುತ್ತದೆ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಎಂ.ಎಸ್.ಡಬ್ಲ್ಯು. ಥರ ಅಲ್ಲ. ಸಮಾಜಕಾರ್ಯ ಓದಿದವರು ಕಷ್ಟದಲ್ಲಿರುವ ಮನೆಯ ಬಾಗಿಲಿಗೇ ಹೋಗುತ್ತಾರೆ. ನಾವು ಓದುವುದು ಬೇರೆ: ಆ ಮನೆಗೆ ಹಣವೋ ಔಷಧಿಯೋ ಯಾವ ನಿಯಮದ ಮೇಲೆ ಬಂತು, ಆ ನಿಯಮ ಬರೆದವರು ಯಾರು, ಪಕ್ಕದ ಮನೆಗೆ ಯಾಕೆ ಬರಲಿಲ್ಲ.

ಉದಾಹರಣೆಗೆ ಎಲಿನರ್ ರಾತ್‌ಬೋನ್. ಮಕ್ಕಳಿರುವ ಮನೆಗೆ ಸರ್ಕಾರ ಭತ್ಯೆ ಕೊಡಬೇಕೆಂದು ವರ್ಷಾನುಗಟ್ಟಲೆ ಹೋರಾಡಿದ ಬ್ರಿಟನ್ನಿನ ಸಂಸದೆ. 1945ರಲ್ಲಿ ಕೊನೆಗೂ ಮಸೂದೆ ಬಂತು: ಮೊದಲ ಮಗು ಬಿಟ್ಟು, ಎರಡನೆಯದರಿಂದ ಒಂದೊಂದು ಮಗುವಿಗೂ ವಾರಕ್ಕೆ 5 ಶಿಲಿಂಗ್. ಆದರೆ ಕರಡಿನಲ್ಲಿ ಹಣ ಅಪ್ಪನಿಗೆ ಸೇರಬೇಕೆಂದಿತ್ತು. ರಾತ್‌ಬೋನ್ ಪಟ್ಟು ಹಿಡಿದರು. ಕಡೆಗೆ ಪಾರ್ಲಿಮೆಂಟು ಅದನ್ನು ಅಮ್ಮನ ಕೈಗೆ ಬದಲಾಯಿಸಿತು. ಮೊದಲ ಕಂತು ಜನರ ಕೈ ಸೇರಿದ್ದು 1946ರ ಆಗಸ್ಟಿನಲ್ಲಿ. ರಾತ್‌ಬೋನ್ ಅದೇ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು.

ಇದನ್ನು ಓದಿದವರಿಗೆ 2023ರ ಗೃಹಲಕ್ಷ್ಮಿ ಹೊಸದೆನಿಸುವುದಿಲ್ಲ. ತಿಂಗಳಿಗೆ 2000 ರೂಪಾಯಿ, ಮನೆಯ ಯಜಮಾನಿಯ ಖಾತೆಗೆ. ಸರಿ, ಯಜಮಾನಿ ಯಾರು? ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥೆ ಎಂದು ಯಾರ ಹೆಸರಿದೆಯೋ ಅವರು. ಒಂದೇ ಕಾರ್ಡಿನಲ್ಲಿ ಅತ್ತೆ, ಸೊಸೆ ಇಬ್ಬರೂ ಇದ್ದರೆ? (1945ರ ಲಂಡನ್ನಿಗೆ ಈ ತಲೆನೋವು ಇರಲಿಲ್ಲ.) ಅವಳೋ ಗಂಡನೋ ಆದಾಯ ತೆರಿಗೆ ಕಟ್ಟುತ್ತಿದ್ದರೆ ಹಣವಿಲ್ಲ. ಹಾಗಾದರೆ ಗಂಡ ತೆರಿಗೆ ಕಟ್ಟುತ್ತಾನೆ, ಹೆಂಡತಿಗೆ ಬಿಡಿಗಾಸೂ ಕೊಡುವುದಿಲ್ಲ ಅನ್ನುವ ಮನೆಯ ಗತಿ? ಟಿವಿಯಲ್ಲಿ ಯೋಜನೆ ಬೇಕೋ ಬೇಡವೋ ಎಂದು ಕಿರುಚಾಡುತ್ತಾರೆ. ನಮ್ಮ ತರಗತಿಯಲ್ಲಿ ಜಗಳ ನಡೆಯುತ್ತಿದ್ದುದು ಇಂಥ ಷರತ್ತುಗಳ ಮೇಲೆ. ನನ್ನ ಪ್ರಕಾರ ಅದೇ ನಿಜವಾದ ಜಗಳ.

‘ಬಿಟ್ಟಿ ಭಾಗ್ಯ’ದ ಮಾತೂ ಬರುತ್ತದೆ, ಸಾಮಾನ್ಯವಾಗಿ ಗೃಹಸಾಲದ ಬಡ್ಡಿ ತೋರಿಸಿ ತೆರಿಗೆ ಉಳಿಸಿಕೊಂಡವರ ಬಾಯಲ್ಲಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ರಿಚರ್ಡ್ ಟಿಟ್ಮಸ್ 1955ರ ಒಂದು ಉಪನ್ಯಾಸದಲ್ಲಿ ಇವರಿಗೆ ಉತ್ತರ ಕೊಟ್ಟಾಗಿದೆ. ಸರ್ಕಾರ ನೇರವಾಗಿ ಕೊಡುವ ನೆರವಷ್ಟೇ ಕಲ್ಯಾಣವಲ್ಲ. ತೆರಿಗೆ ವಿನಾಯಿತಿಯೂ, ಕಂಪನಿ ಕೊಡುವ ಪಿಂಚಣಿಯೂ ಕಲ್ಯಾಣವೇ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಉಳಿದೆರಡು ಲೆಕ್ಕಪತ್ರದಲ್ಲಿ ಅಡಗಿರುತ್ತವೆ. ಮೂರು ವರ್ಷದಲ್ಲಿ ಇದೊಂದನ್ನೇ ಕಲಿತಿದ್ದರೂ ನನಗೆ ಫೀಸು ದಕ್ಕಿದಂತೆಯೇ. ಅಂದಹಾಗೆ, ಟಿಟ್ಮಸ್ 14ಕ್ಕೇ ಶಾಲೆ ಬಿಟ್ಟು, ವಿಮಾ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದು, ಒಂದು ಡಿಗ್ರಿಯೂ ಇಲ್ಲದೆ 1950ರಲ್ಲಿ ಅಲ್ಲಿ ಪ್ರೊಫೆಸರ್ ಆದವರು. ಪಿಯುಸಿ ಮಕ್ಕಳೆದುರು ಈ ಕಥೆ ತೆಗೆಯುವುದಿಲ್ಲ.

“ಗಣಿತ ಇರಲ್ಲ ತಾನೇ?” ಅಂತಲೂ ಕೇಳುತ್ತಾರೆ. ಸಂಖ್ಯಾಶಾಸ್ತ್ರ ಇದೆ, ತಪ್ಪಿಸಿಕೊಳ್ಳಲಾಗದು. ಚಾಕೊಲೇಟ್ ಕಂಪನಿಯ ಮನೆತನದ ಸೀಬಾಮ್ ರೌಂಟ್ರಿ 1899ರಲ್ಲಿ ಯಾರ್ಕ್ ಊರಿನ 11,560 ಕುಟುಂಬಗಳ ಲೆಕ್ಕ ತೆಗೆಸಿದರು. ಬಡತನದ ಗೆರೆಯನ್ನು ಎಷ್ಟು ಬಿಗಿಯಾಗಿ ಎಳೆದರೆಂದರೆ ಅದರಲ್ಲಿ ಪೇಪರಿಗೆ ಕಾಸಿಲ್ಲ, ಬಸ್ ಚಾರ್ಜಿಗಿಲ್ಲ, ದೂರದಲ್ಲಿರುವ ಮಕ್ಕಳಿಗೆ ಕಾಗದ ಬರೆಯಲು ಅಂಚೆಚೀಟಿಗೂ ಇಲ್ಲ. ಅಷ್ಟು ಬಿಗಿ ಮಾಡಿದ ಮೇಲೂ ಊರಿನ ಸುಮಾರು ಶೇ. 10ರಷ್ಟು ಜನ ಗೆರೆಯ ಕೆಳಗೇ ಸಿಕ್ಕರು.

ಕೆಲಸ? ಇಂಗ್ಲೆಂಡಿನಲ್ಲಿ ಕೌನ್ಸಿಲ್ಲುಗಳು (ನಮ್ಮ ನಗರಪಾಲಿಕೆಗಳ ಥರ), ವಸತಿ ಸಂಸ್ಥೆಗಳು, ದತ್ತಿಸಂಸ್ಥೆಗಳು, ಸರ್ಕಾರಿ ಇಲಾಖೆಗಳು. ನಾನಿರುವುದು ಒಂದು ಕೌನ್ಸಿಲ್ಲಿನ ವಸತಿ ವಿಭಾಗದಲ್ಲಿ. ಡಾಕ್ಟರು, ಸಿಎಗಳಂತೆ ಹೆಸರಿನ ಮುಂದೆ ಹಾಕಿಕೊಳ್ಳುವ ಪಟ್ಟವೇನೂ ಇಲ್ಲ, ಸಂಬಳವೂ ಸಾಫ್ಟ್‌ವೇರಿನಷ್ಟಿಲ್ಲ. ಅದಕ್ಕೇ ಹೇಳುತ್ತೇನೆ: ಊರಿನ ಸೈಟು ಅಡವಿಟ್ಟು, ವಿದೇಶಿ ವಿದ್ಯಾರ್ಥಿಗಳ ಫೀಸು ಕಟ್ಟಿ ಮಗುವನ್ನು ಈ ಡಿಗ್ರಿಗೆ ಅಲ್ಲಿಗೆ ಕಳಿಸಬೇಡಿ. ಇಲ್ಲೇ ಅರ್ಥಶಾಸ್ತ್ರವೋ ಸಮಾಜಶಾಸ್ತ್ರವೋ ಬಿ.ಎ. ಮಾಡಲಿ. ಆಮೇಲೂ ಆಸೆ ಉಳಿದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೇ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ಸ್ಕಾಲರ್‌ಶಿಪ್ ಸಿಕ್ಕರೆ ಮಾತು ಬೇರೆ.

ಮಗುವಿಗೆ ಇದು ಹಿಡಿಸುತ್ತದೋ ಇಲ್ಲವೋ ನೋಡಬೇಕೆಂದರೆ ಯಾವುದಾದರೂ ಒಂದು ಸರ್ಕಾರಿ ಯೋಜನೆಯ ಅರ್ಹತಾ ಷರತ್ತುಗಳನ್ನು ಕೈಗೆ ಕೊಟ್ಟು, ನಿಮ್ಮ ಬೀದಿಯಲ್ಲಿ ಇದು ಬೇಕಾಗಿದ್ದೂ ಸಿಗದವರು ಯಾರು ಹೇಳು ಅನ್ನಿ. ಹತ್ತು ನಿಮಿಷಕ್ಕೆ ಆಕಳಿಸಿದರೆ ಬಿ.ಕಾಂ.ಗೆ ಸೇರಿಸಿ. ಪಕ್ಕದ ಮನೆಯ ಬೆಲ್ ಒತ್ತಿ ವಿಚಾರಿಸಲು ಹೊರಟರೆ ನನಗೊಂದು ಫೋನ್ ಮಾಡಿಸಿ.