ಆಲ್ಚಿ ಸೇತುವೆ ಪಕ್ಕದ ಬಂಡೆಗಳು

ಲೇಹ್‌ನಿಂದ ಆಲ್ಚಿಗೆ ಹೋಗುವವರೆಲ್ಲ ಗೊಂಪಾ, ಅಂದರೆ ಬೌದ್ಧ ಮಠ, ನೋಡಲು ಹೋಗುತ್ತಾರೆ. ನಾವೂ ಅದಕ್ಕೇ ಹೊರಟಿದ್ದೆವು. ಸಿಂಧೂ ನದಿ ದಾಟುವ ಸೇತುವೆ ಬಳಿ ಡ್ರೈವರ್ ಗಾಡಿ ನಿಲ್ಲಿಸಿ, "ಇಲ್ಲಿ ಕಲ್ಲು ನೋಡಿ ಸಾರ್" ಎಂದ. ಭಾವ ಗೊಣಗಿದರು: "ಲಡಾಖ್‌ನಲ್ಲಿ ಕಲ್ಲು ಬಿಟ್ಟು ಇನ್ನೇನಿದೆ ಮಾರಾಯ?"

ಮೊದಲು ನನಗೂ ಏನೂ ಕಾಣಲಿಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ಕಪ್ಪು ಬಂಡೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಸ್ವಲ್ಪ ಪಕ್ಕಕ್ಕೆ ಸರಿದು ನಿಂತೆ. ಬಂಡೆಯ ಮೇಲೆ ಹಿಂದಿನವರು ಕುಟ್ಟಿ ಬಿಡಿಸಿದ ಚಿತ್ರ: ಕೊಂಬು ಬೆನ್ನಿನವರೆಗೂ ಬಾಗಿದ ಕಾಡುಮೇಕೆ ಕಂಡಿತು. ಅದರ ಹಿಂದೆ ಇನ್ನೊಂದು. ಬಿಲ್ಲು ಹಿಡಿದ ಬೇಟೆಗಾರ. ಆಮೇಲೆ ಎತ್ತ ನೋಡಿದರೂ ಅವೇ.

ಈ ಕಲ್ಲು ಒಳಗೆ ತಿಳಿ ಬಣ್ಣದ್ದು. ಸಾವಿರಾರು ವರ್ಷಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಸೇರಿ ಮೇಲೆ ಕಪ್ಪು ಪದರ ಕಟ್ಟಿದೆ. ಗಟ್ಟಿ ಕಲ್ಲಿನಿಂದ ಕುಟ್ಟಿದರೆ ಆ ಪದರ ಎದ್ದು ತಿಳಿ ಬಣ್ಣ ಕಾಣುತ್ತದೆ. ಕುಟ್ಟಿದ ಜಾಗವೂ ನಿಧಾನವಾಗಿ ಮತ್ತೆ ಕಪ್ಪಾಗುತ್ತದೆ. ಒಂದೇ ಬಂಡೆಯ ಮೇಲೆ ಒಂದು ಮೇಕೆ ಬಂಡೆಯಷ್ಟೇ ಕಪ್ಪಗಿತ್ತು, ಪಕ್ಕದ ಸ್ತೂಪ ಇನ್ನೂ ತಿಳಿಯಾಗಿತ್ತು. ಕರಾರುವಾಕ್ಕಾದ ವರ್ಷ ಹೇಳಲಾಗದು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಣ್ಣ ನೋಡಿಯೇ ಅಂದಾಜು ಮಾಡಬಹುದು.

ಇದೇ ನದಿಯ ಕೆಳಗಿರುವ ಖಲತ್ಸೆಯಲ್ಲಿ ಖರೋಷ್ಠಿ, ಬ್ರಾಹ್ಮಿ ಎಂಬ ಹಳೆಯ ಲಿಪಿಗಳ ಬರಹಗಳಿವೆ. ಅದೂ ನದಿ ದಾಟುವ ಜಾಗವೇ. ದಾಟುವ ಕಡೆ ಜನ ನಿಲ್ಲುತ್ತಾರೆ, ಕಾಯುತ್ತಾರೆ. ಕೈ ಸುಮ್ನೆ ಇರುತ್ತದೆಯೇ? ಪ್ಯಾಂಗಾಂಗ್ ಸರೋವರದ ದಾರಿಯ ತಾಂಗ್ತ್ಸೆಯಲ್ಲಂತೂ ಬಂಡೆ ಮೇಲೆ ಶಿಲುಬೆಗಳಿವೆ, ಮಧ್ಯ ಏಷ್ಯಾದ ಸೋಗ್ಡಿಯನ್ ಭಾಷೆಯ ಬರಹವಿದೆ. ಸಮರ್‌ಕಂದ್‌ನವನೊಬ್ಬ ಅಷ್ಟು ದೂರದಿಂದ ಬಂದು ಬರೆಸಿದ್ದಂತೆ!

ನನಗೆ ಸಿಟ್ಟು ಬಂದಿದ್ದು ಒಡೆದ ಕಲ್ಲುಗಳನ್ನು ಕಂಡು. ರಸ್ತೆಗೆ, ಕಟ್ಟಡಕ್ಕೆಂದು ಈ ಕಣಿವೆಯಲ್ಲಿ ಎಷ್ಟೋ ಬಂಡೆಗಳು ಚೂರಾಗಿವೆ. ಒಂದರಲ್ಲಿ ಮೇಕೆಯ ಹಿಂಗಾಲಷ್ಟೇ ಉಳಿದಿತ್ತು. ಮುಂದಿನ ಭಾಗ ಈಗ ಯಾವ ಗೋಡೆಯೊಳಗಿದೆಯೋ. ರಸ್ತೆ ಬೇಡ ಎನ್ನುತ್ತಿಲ್ಲ, ನಾನೂ ಅದೇ ರಸ್ತೆಯಲ್ಲಿ ಬಂದವನೇ. ಆದರೆ ಆ ಬೆಟ್ಟಗಳಲ್ಲಿ ಬೇರೆ ಕಲ್ಲಿಗೆ ಬರವೇ? ಲಡಾಖ್‌ನದೇ ಡೋಮ್‌ಖರ್ ಹಳ್ಳಿಯಲ್ಲಿ ಇಂಥ ಬಂಡೆಗಳಿಗೆಂದೇ ಜಾಗ ಕಾದಿಟ್ಟಿದ್ದಾರೆ. ಇಲ್ಲಿ ಒಂದು ಬೋರ್ಡೂ ನನಗೆ ಕಾಣಲಿಲ್ಲ.

ಭಾವ ಅಷ್ಟರಲ್ಲಿ ಚಾಕ್‌ಪೀಸ್ ಇದ್ದರೆ ಗೆರೆ ಎದ್ದು ಕಾಣುತ್ತಿತ್ತು, ಫೋಟೋ ಚೆನ್ನಾಗಿ ಬರುತ್ತಿತ್ತು ಎಂದರು. ಅಕ್ಕ ಗದರಿದಳು. ಫೋಟೋ ಬೇಕಿದ್ದರೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಲ್ಲಿ ಚಾಕ್‌ಪೀಸ್ ಬೇಕಾಗುವುದಿಲ್ಲ.