ಮೊದಲು ಕೈ ತೋರಿಸಿ

"ಮೇಡಂ, ಯಾವ ಪಿಸ್ತೂಲು ಬೆಸ್ಟು?"

ಮದುವೆ ಮನೆಯಲ್ಲಿ ಕೇಳುತ್ತಾರೆ. ತರಕಾರಿ ಅಂಗಡಿಯಲ್ಲಿ ಕೇಳುತ್ತಾರೆ. ಹೋದ ತಿಂಗಳು ಹಲ್ಲಿನ ಡಾಕ್ಟರು ಕೇಳಿದರು, ಅದೂ ನನ್ನ ಬಾಯಿಗೆ ಹತ್ತಿ ತುರುಕಿಟ್ಟ ಮೇಲೆ. ನಾನು ಮೈಸೂರಿನಲ್ಲಿ ಮಕ್ಕಳಿಗೆ 10 ಮೀಟರ್ ಏರ್ ಪಿಸ್ತೂಲು ಕಲಿಸುತ್ತೇನೆ ಎಂದು ಗೊತ್ತಾದ ಕೂಡಲೇ ಜನಕ್ಕೆ ಹೊಳೆಯುವುದು ಇದೊಂದೇ ಪ್ರಶ್ನೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಒಲಿಂಪಿಕ್ಸ್ ಶೂಟಿಂಗಿನಲ್ಲಿ ಎರಡು ಕಂಚು ಗೆದ್ದ ಮೇಲಂತೂ ಫೋನ್ ಎತ್ತಲೇ ಭಯ. ಇನ್ನು ಮೇಲೆ ಬಾಯಲ್ಲಿ ಉತ್ತರ ಹೇಳುವುದಿಲ್ಲ. ಕೇಳಿದವರಿಗೆಲ್ಲ ಇದನ್ನೇ ಕಳಿಸಿ ಸುಮ್ಮನಾಗುತ್ತೇನೆ.

ಉತ್ತರ ಇಷ್ಟೇ: ನಿಮ್ಮ ಕೈ ನೋಡದೆ ಹೇಳಲು ಆಗುವುದಿಲ್ಲ.

ಇದನ್ನು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ. ಏನೋ ಗುಟ್ಟು ಮುಚ್ಚಿಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಕೆಲವರು ನಗುತ್ತಾ ಅಂಗೈ ಚಾಚುತ್ತಾರೆ, ಆಯುಷ್ಯ ರೇಖೆ ಓದಿಸಿಕೊಳ್ಳುವ ಹಾಗೆ. ಚಾಚಿ, ಪರವಾಗಿಲ್ಲ. ನನಗೆ ರೇಖೆ ಬೇಡ. ತೋರುಬೆರಳು ಎಷ್ಟು ಉದ್ದ, ಅಂಗೈ ಎಷ್ಟು ಅಗಲ, ಹೆಬ್ಬೆರಳಿನ ಬುಡ ಎಷ್ಟು ದಪ್ಪ, ಇಷ್ಟು ಸಾಕು.

ಹೆಸರೇ ಬೇಕು ಎನ್ನುವವರಿಗೆ ಹೆಸರು ಹೇಳಿಬಿಡುತ್ತೇನೆ. ಆಸ್ಟ್ರಿಯಾದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ಡಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವರ್ಕ್‌ಬಾವ್. ಐದೂ ಒಳ್ಳೆಯವೇ. ಯಾವುದನ್ನಾದರೂ ಮೇಜಿಗೆ ಬಿಗಿದು ಹೊಡೆದರೆ ಅದರ ಪುಟ್ಟ ಗುಂಡುಗಳು, ಅಂದರೆ ಪೆಲೆಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗುತ್ತವೆ. ತಾಪತ್ರಯ ಶುರುವಾಗುವುದು ಮೇಜು ಬಿಟ್ಟು ಮನುಷ್ಯ ಹಿಡಿದಾಗ.

ಒಬ್ಬ ಅಪ್ಪನ ಕತೆ ಹೇಳುತ್ತೇನೆ. ಹೆಸರು ಬೇಡ. ಒಂದು ಭಾನುವಾರ ಬೆಳಗ್ಗೆ ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ ಹದಿಮೂರು ವರ್ಷ, ಕಡ್ಡಿ ಹಾಗಿದ್ದಳು. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ. ಮೇಜಿನ ಮೇಲಿಟ್ಟು, ಸೀರೆ ಅಂಗಡಿಯವರು ರೇಷ್ಮೆ ಸೀರೆ ಬಿಚ್ಚುವ ಹಾಗೆ ನಿಧಾನಕ್ಕೆ ತೆಗೆದರು. ಒಳಗೆ ಹೊಸ ಪಿಸ್ತೂಲು. ಎರಡು ಲಕ್ಷದ ಮೇಲೆ ಕೊಟ್ಟಿದ್ದರಂತೆ. "ಟಾಪ್ ಮಾಡೆಲ್ ಮೇಡಂ. ಎಲ್ಲಾ ವಿಚಾರಿಸಿಯೇ ತಂದೆ."

ಎಲ್ಲರನ್ನೂ ವಿಚಾರಿಸಿದ್ದರು. ಮಗಳೊಬ್ಬಳನ್ನು ಬಿಟ್ಟು.

"ಹಿಡಿದುಕೋ ಪುಟ್ಟಾ" ಎಂದೆ. ಹುಡುಗಿ ಎಡಗೈ ಚಾಚಿದಳು. ಪಿಸ್ತೂಲಿಗಿದ್ದದ್ದು ಬಲಗೈ ಹಿಡಿ, ಅದೂ ಮೀಡಿಯಂ ಸೈಜು. ಸ್ಪರ್ಧೆಯ ಪಿಸ್ತೂಲಿನ ಹಿಡಿ ಮರದ್ದು. ಬೆರಳಿಗೊಂದು ಕುಳಿ, ಅಂಗೈಗೊಂದು ಉಬ್ಬು, ಕೆಳಗೆ ಕೈ ಊರಲು ಒಂದು ಹಲಗೆ, ಎಲ್ಲವನ್ನೂ ಒಂದೇ ಕೈಗೆಂದು ಕೆತ್ತಿರುತ್ತಾರೆ. ಬಲಗೈಯದು ಎಡಗೈಗೆ ಹೋಗುವುದೇ ಇಲ್ಲ. ಅವಳು ಅದನ್ನು ಹಿಡಿದದ್ದು, ಬಲಗಾಲಿನ ಚಪ್ಪಲಿಯನ್ನು ಎಡಗಾಲಿಗೆ ತುರುಕಿದ ಹಾಗಿತ್ತು.

"ಇವಳು ಎಡಚಿ ಅಲ್ವಾ?" ಎಂದೆ.

ಅಪ್ಪನ ಮುಖ ಕೆಂಪಾಯಿತು. "ಬರೆಯೋದು ಬಲಗೈಲೇ ಮೇಡಂ. ಅದನ್ನ ಚಿಕ್ಕಂದಿನಲ್ಲೇ ಸರಿ ಮಾಡಿಸಿದ್ದೀವಿ. ಇದನ್ನೂ ನೀವು ಬಲಗೈಲೇ ಅಭ್ಯಾಸ ಮಾಡಿಸಿಬಿಡಿ."

ಸರಿ ಮಾಡಿಸಿದ್ದಾರಂತೆ! ಕೆಟ್ಟಿದ್ದೇನು ಎಂದು ಕೇಳಬೇಕು ಅನಿಸಿತು. ಕೇಳಲಿಲ್ಲ. ಬದಲಿಗೆ ಹಂಗೆರಿಯ ಕಾರೊಯ್ ಟಾಕಾಚ್ ಕತೆ ಹೇಳಿದೆ. ಸೈನ್ಯದಲ್ಲಿದ್ದ ಬಲಗೈ ಶೂಟರ್. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋಯಿತು. ಎಡಗೈಯಲ್ಲಿ ಮೊದಲಿನಿಂದ ಕಲಿತು, 1948ರಲ್ಲೂ 1952ರಲ್ಲೂ ಒಲಿಂಪಿಕ್ಸ್‌ನ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ಅಪ್ಪ ಗಮನವಿಟ್ಟು ಕೇಳಿದರು. ಕೇಳಿ, "ನೋಡಿ, ಅವರು ಕೈ ಬದಲಾಯಿಸಿಕೊಂಡರಲ್ಲ, ಹಾಗೇ ಇವಳೂ ಬದಲಾಯಿಸಿಕೊಳ್ಳಲಿ" ಎಂದರು. ಉದಾಹರಣೆ ಕೊಡುವಾಗ ನಾನು ಹುಷಾರಾಗಿರಬೇಕಿತ್ತು.

ಕೊನೆಗೆ ಒಪ್ಪಿದರು. ಪುಣ್ಯಕ್ಕೆ ಈ ಪಿಸ್ತೂಲುಗಳಲ್ಲಿ ಹಿಡಿಯನ್ನು ಮಾತ್ರ ಬಿಚ್ಚಿ ಬೇರೆಯದು ಹಾಕಬಹುದು. ಎಡಗೈಯ ಸ್ಮಾಲ್ ಹಿಡಿ ತರಿಸಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯ ತನಕ ಎರಡು ಲಕ್ಷದ ಪಿಸ್ತೂಲು ಬೀರುವಿನಲ್ಲಿ ಮಲಗಿತ್ತು. ಹುಡುಗಿ ಕ್ಲಬ್ಬಿನ ಹಳೇ ಪಿಸ್ತೂಲಿನಲ್ಲಿ ಕಲಿತಳು. ಬಣ್ಣ ಹೋದದ್ದು, ಮೂಲೆಯಲ್ಲಿ ಟೇಪ್ ಸುತ್ತಿದ್ದು. ಆದರೆ ಅವಳ ಕೈಗೆ ಆಗುತ್ತಿತ್ತು.

ಹೊಸ ಹಿಡಿ ಬಂದರೂ ಕೆಲಸ ಮುಗಿಯಲಿಲ್ಲ. ಕಂಪನಿಯವರ ಸ್ಮಾಲ್ ಎಂದರೆ ಯಾರದೋ ಸ್ಮಾಲ್. ನನ್ನದೊಂದು ಪದ್ಧತಿಯಿದೆ. ಅಂಗೈಗೆ ತೆಳ್ಳಗೆ ವಿಭೂತಿ ಸವರಿ ಹಿಡಿಯಲು ಹೇಳುತ್ತೇನೆ. ಬಿಟ್ಟ ಮೇಲೆ ಮರದ ಮೇಲೆ ಬೆಳ್ಳಗೆ ಅಚ್ಚು ಬಿದ್ದಿರುತ್ತದೆ. ಅಚ್ಚು ಬೀಳದ ಕಡೆ ಕೈಗೂ ಮರಕ್ಕೂ ನಡುವೆ ಟೊಳ್ಳು. ಅಲ್ಲಿಗೆ ಪುಟ್ಟಿ ತುಂಬಬೇಕು. ಒತ್ತಿ ನೋಯುವ ಕಡೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು. ಮತ್ತೆ ವಿಭೂತಿ, ಮತ್ತೆ ಹಿಡಿ, ಮತ್ತೆ ಉಜ್ಜು. ಆ ಅಪ್ಪ ಮೊದಲ ದಿನ ವಿಭೂತಿ ನೋಡಿ ಪೂಜೆ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದರು. ಪುಟ್ಟಿಗೆಂದು ನಾನು ಎಂ-ಸೀಲ್ ಕಲಸುವುದನ್ನು ನೋಡಿದಾಗ ಮಾತ್ರ ತಡೆಯಲಾಗಲಿಲ್ಲ. "ಮೇಡಂ, ಅದು ನಲ್ಲಿಗೆ ಹಚ್ಚೋದು!"

ಹೌದು. ನಲ್ಲಿಗೂ ಹಚ್ಚುತ್ತಾರೆ.

ಸರಿಯಾಯಿತೋ ಇಲ್ಲವೋ ನೋಡುವುದು ಸುಲಭ. ಗುರಿ ನೋಡಲು ಪಿಸ್ತೂಲಿನ ಮೇಲೆ ಹಿಂದೊಂದು, ಮುಂದೊಂದು ಸೈಟ್ ಇರುತ್ತದೆ. ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ, ತೋಳು ಎತ್ತಿ ನಿಲ್ಲಿ. ಈಗ ಕಣ್ಣು ಬಿಡಿ. ಹಿಂದಿನ ಸೈಟಿನ ಕಚ್ಚಿನ ನಡುವೆ ಮುಂದಿನ ಸೈಟ್ ನೆಟ್ಟಗೆ ಕೂತಿದ್ದರೆ ಹಿಡಿ ನಿಮ್ಮದು. ಪ್ರತಿಸಲವೂ ಒಂದೇ ಪಕ್ಕಕ್ಕೆ ವಾಲಿದ್ದರೆ ಅದು ಇನ್ನೂ ಬೇರೆಯವರದು. ನೀವು ಮಣಿಕಟ್ಟು ತಿರುಚಿ ಅದನ್ನು ನೇರ ಮಾಡಬಹುದು. ಆದರೆ ಪಂದ್ಯದಲ್ಲಿ 60 ಸಲ ಹೊಡೆಯಬೇಕು, 75 ನಿಮಿಷದಲ್ಲಿ. ನಲವತ್ತನೆಯ ಹೊಡೆತದ ಹೊತ್ತಿಗೆ ಮಣಿಕಟ್ಟು ನಿಮ್ಮ ಮಾತು ಕೇಳುವುದಿಲ್ಲ.

"ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ರಾಮಾಯಣವಾ?" ಎನ್ನುವವರಿಗೆ ಒಂದು ಲೆಕ್ಕ. ಎರಡು ಸೈಟುಗಳ ನಡುವೆ ಸುಮಾರು 32 ಸೆಂಟಿಮೀಟರ್ ಇರುತ್ತದೆ. ಗುರಿ ಇರುವುದು 10 ಮೀಟರ್ ಆಚೆ. ಮುಂದಿನ ಸೈಟ್ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ ಅಲ್ಲಿ 31 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್ ಮಾತ್ರ. ಒಂದು ಮಿಲಿಮೀಟರ್ ಎಂದರೆ ಹತ್ತರಿಂದ ಸೀದಾ ಏಳಕ್ಕೆ.

ಟ್ರಿಗರ್ ಮಾತು ಬೇರೆ. ಬೆರಳಿನ ಮೊದಲ ಗಿಣ್ಣಿನ ಮುಂದಿನ ಮೆತ್ತಗಿನ ಭಾಗ ಟ್ರಿಗರ್ ಮೇಲೆ ಕೂರಬೇಕು. ಬೆರಳು ಮರಕ್ಕೆ ತಾಗದೆ ನೇರ ಹಿಂದಕ್ಕೆ ಬರಬೇಕು. ಟ್ರಿಗರ್ ದೂರವಾದರೆ ತುದಿಬೆರಳು ಎಟುಕಿಸಿಕೊಂಡು ಪಕ್ಕಕ್ಕೆ ತಳ್ಳುತ್ತದೆ. ತೀರಾ ಹತ್ತಿರವಾದರೆ ಗಿಣ್ಣು ಮಡಚಿ ಎಳೆಯುತ್ತದೆ. ಒಳ್ಳೆಯ ಪಿಸ್ತೂಲಿನಲ್ಲಿ ಟ್ರಿಗರನ್ನು ಹಿಂದೆ ಮುಂದೆ ಸರಿಸಿ ಬಿಗಿ ಮಾಡಬಹುದು. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಪಂದ್ಯಕ್ಕೆ ಮೊದಲು ತೂಕದ ಕಲ್ಲು ನೇತುಹಾಕಿಯೇ ನೋಡುತ್ತಾರೆ.

ತೂಕದ ಪರೀಕ್ಷೆಗೆ ಅಂಗಡಿಗೆ ಹೋಗಬೇಕಿಲ್ಲ. ಈ ಪಿಸ್ತೂಲುಗಳು ಒಂದು ಕಿಲೋ ಆಸುಪಾಸು ಇರುತ್ತವೆ. ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಚಾಚಿ ನಿಲ್ಲಿ. ಹತ್ತು ಸೆಕೆಂಡಿಗೆ ನಡುಗಿದರೆ ಆರು ತಿಂಗಳು ಬಾಟಲಿಯಲ್ಲೇ ಅಭ್ಯಾಸ ಮಾಡಿ. ಪಿಸ್ತೂಲಿನ ದುಡ್ಡು ಬ್ಯಾಂಕಿನಲ್ಲಿರಲಿ, ಬಡ್ಡಿಯಾದರೂ ಬರುತ್ತದೆ.

ಆಮೇಲೆ ಆ ಟರ್ಕಿಯವರು. ಯೂಸುಫ್ ಡಿಕೆಚ್. ಪ್ಯಾರಿಸ್‌ನಲ್ಲಿ 51ನೇ ವಯಸ್ಸಿನಲ್ಲಿ ಮಿಶ್ರ ತಂಡದ ಬೆಳ್ಳಿ ಗೆದ್ದವರು. ಮಾಮೂಲಿ ಕನ್ನಡಕ, ಜೇಬಿನಲ್ಲಿ ಕೈ, ಹಾಗೆ ನಿಂತು ಹೊಡೆದ ಅವರ ಫೋಟೊ ಊರೆಲ್ಲ ಸುತ್ತಿತು. "ಅವರಿಗೆ ಇದೆಲ್ಲ ಏನೂ ಬೇಡ ನೋಡಿ ಮೇಡಂ" ಎಂದು ನನಗೇ ಫೋಟೊ ಕಳಿಸುತ್ತಾರೆ. ಜೇಬಿಗೆ ಕೈ ಹಾಕುವುದು ಸ್ಟೈಲಿಗಲ್ಲ ಸ್ವಾಮಿ. ಖಾಲಿ ಕೈ ಅಲ್ಲಾಡದಿರಲಿ ಎಂದು ನಾವೆಲ್ಲ ಹಾಗೇ ಮಾಡುತ್ತೇವೆ. ನೀವು ಜೇಬಿನ ಕೈ ನೋಡಿದಿರಿ. ಪಿಸ್ತೂಲು ಹಿಡಿದ ಕೈ ನೋಡಿ. ಅಲ್ಲಿ ಮರ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ಹುಡುಕಬೇಕು.

ಇನ್ನೊಂದು ಗುಂಪಿದೆ. ಇವರು ಧ್ವನಿ ತಗ್ಗಿಸಿ ಕೇಳುತ್ತಾರೆ. "ಅಕ್ಕಾ, ಮನೇಲಿಟ್ಟುಕೊಳ್ಳೋಕೆ, ಹೆಂಗಸರಿಗೆ ಆಗೋ ಹಾಗೆ, ಚಿಕ್ಕದು ಯಾವುದು ಒಳ್ಳೇದು?" ಈ "ಹೆಂಗಸರಿಗೆ ಆಗೋ ಹಾಗೆ ಚಿಕ್ಕದು" ಕೇಳಿದರೆ ನನಗೆ ಮೈ ಉರಿಯುತ್ತದೆ. 2014ರಲ್ಲಿ ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆ ಇದೇ ಲೆಕ್ಕದಲ್ಲಿ ನಿರ್ಭೀಕ್ ಎಂಬ .32 ರಿವಾಲ್ವರ್ ತಂದಿತು. ಅರ್ಧ ಕಿಲೋ ತೂಕ, ಆಗಿನ ಬೆಲೆ 1,22,360 ರೂಪಾಯಿ. ಹಗುರ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುತ್ತದೆ ಎಂದು ಪ್ರಚಾರ. ಬ್ಯಾಗಿನಲ್ಲೇನೋ ಹಿಡಿಸುತ್ತದೆ. ಆದರೆ ಗುಂಡು ಅದೇ ಆಗಿದ್ದು ಬಂದೂಕು ಹಗುರವಾದಷ್ಟೂ ಹಿಂದಕ್ಕೆ ಒದೆಯುವುದು ಜಾಸ್ತಿ. .32 ಅಂಥ ದೊಡ್ಡ ಗುಂಡಲ್ಲ, ನಿಜ. ಆದರೂ ಲೆಕ್ಕ ಲೆಕ್ಕವೇ. ಮೇಲಾಗಿ ಹಿಂದಿರುವ ಸುತ್ತಿಗೆಯಂಥ ಕುದುರೆಯನ್ನು (ಹ್ಯಾಮರ್) ಮೊದಲೇ ಎಳೆದಿಡದೆ ಹೊಡೆದರೆ ರಿವಾಲ್ವರಿನ ಟ್ರಿಗರ್‌ಗೆ ಹಲವು ಕಿಲೋ ಬಲ ಬೇಕು. ಅರ್ಧ ಕಿಲೋ ವಸ್ತುವನ್ನು ಅದರ ತೂಕದ ಹಲವು ಪಟ್ಟು ಬಲದಿಂದ ಎಳೆದರೆ ಅದು ಅಲ್ಲಾಡದೆ ಇರುತ್ತದಾ? ಚಿಕ್ಕದನ್ನು ಚೆನ್ನಾಗಿ ಹೊಡೆಯುವುದು ಪಳಗಿದವರಿಗೇ ಕಷ್ಟ. ಅದನ್ನೇ ಹೊಸಬರ ಕೈಗೆ ಕೊಡುತ್ತಾರೆ.

ಇವರಿಗೆ ನಾನು ಯಾವ ಹೆಸರನ್ನೂ ಹೇಳುವುದಿಲ್ಲ. 21 ವರ್ಷ ತುಂಬಿರಬೇಕು. ಪೊಲೀಸ್ ಕಮಿಷನರ್ ಇಲ್ಲವೇ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಯಾಕೆ ಬೇಕು ಎಂದು ಅವರು ಕೇಳುತ್ತಾರೆ, ಅವರಿಗೇ ಉತ್ತರ ಹೇಳಿ. 9 ಎಂಎಂ ಗುಂಡಿನ ಪಿಸ್ತೂಲು ಬೇಕು ಎಂದು ಸಿನಿಮಾ ನೋಡಿ ಕೇಳಬೇಡಿ, ಅದು ನಮ್ಮ ನಿಮ್ಮಂಥವರಿಗೆ ನಿಷೇಧ. "ನಮ್ಮದು ಕೊಡಗು, ನಮಗೆ ಲೈಸೆನ್ಸ್ ಬೇಡ" ಎನ್ನುವ ಗೆಳೆಯರಿಗೂ ಒಂದು ಮಾತು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದು ಹೌದು. ಆದರೆ ಅದು ಉದ್ದನೆಯ ಕೋವಿಗೆ. ಪಿಸ್ತೂಲು, ರಿವಾಲ್ವರಿಗಲ್ಲ. ನಿಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕರೆಯಿರಿ, ಕಡುಬು ತಿಂದು ಇನ್ನೂ ವಿವರವಾಗಿ ಹೇಳುತ್ತೇನೆ.

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ ಒಂದಿದೆ: ಎತ್ತಿದ ಪಿಸ್ತೂಲನ್ನು ಹೊಡೆಯದೆ ಯಾವಾಗ ಇಳಿಸಬೇಕು?

ನಾನು ಕಲಿಸುವುದರಲ್ಲಿ ಅರ್ಧ ಇದೇ. ತೋಳು ಎತ್ತಿ, ಉಸಿರು ತಡೆದು, ಸೈಟ್ ಕೂರಿಸಿದ ಮೇಲೆ ಕೆಲವೇ ಸೆಕೆಂಡು ಕೈ ಸ್ಥಿರವಾಗಿರುತ್ತದೆ. ಅಷ್ಟರಲ್ಲಿ ಹೊಡೆತ ಬರಲಿಲ್ಲವೋ, ಬಿಟ್ಟುಬಿಡಬೇಕು. ಇಳಿಸಿ, ಉಸಿರಾಡಿ, ಮತ್ತೆ ಎತ್ತಬೇಕು. ದೊಡ್ಡವರಿಗೆ ಇದು ಬರುವುದೇ ಇಲ್ಲ. ಎತ್ತಿದ ಮೇಲೆ ಇಳಿಸುವುದು ಅವಮಾನ ಅವರಿಗೆ. ನಡುಗುತ್ತಾ ನಡುಗುತ್ತಾ ಎಳೆದೇಬಿಡುತ್ತಾರೆ, ಆರು ಬೀಳುತ್ತದೆ, ಪಿಸ್ತೂಲು ತಿರುಗಿಸಿ ತಿರುಗಿಸಿ ನೋಡುತ್ತಾರೆ. ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ಹಾಗೆ ಹೊಡೆದೇ ಒಂದು ರಾಜ್ಯ ತಂಡದ ಆಯ್ಕೆ ಕಳೆದುಕೊಂಡೆ. ಆವತ್ತು ನನ್ನ ಕೈಯಲ್ಲಿದ್ದದ್ದು ನನಗೆಂದೇ ಉಜ್ಜಿ ಮಾಡಿದ ಹಿಡಿ. ಅದರ ತಪ್ಪು ಒಂದಿಷ್ಟೂ ಇರಲಿಲ್ಲ.

ಆ ಎಡಚಿ ಹುಡುಗಿ ಮಾತ್ರ ಇದನ್ನು ಎರಡೇ ವಾರದಲ್ಲಿ ಕಲಿತಳು.

ಅವಳ ಮೊದಲ ಪಂದ್ಯದ ದಿನ ಅಪ್ಪ ನನ್ನ ಪಕ್ಕವೇ ಕೂತಿದ್ದರು. ಕೊನೆಯ ಹೊಡೆತ ಬಾಕಿ, ನಾಲ್ಕು ನಿಮಿಷ ಉಳಿದಿದೆ. ಹುಡುಗಿ ಎಡಗೈ ಎತ್ತಿದಳು. ಇಳಿಸಿದಳು. ಎತ್ತಿದಳು. ಇಳಿಸಿದಳು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಎತ್ತಿ, ಮತ್ತೆ ಇಳಿಸಿದಳು. ಅಪ್ಪನಿಗೆ ಟೋಕಿಯೊ ಒಲಿಂಪಿಕ್ಸ್ ನೆನಪಾಗಿರಬೇಕು. 2021ರಲ್ಲಿ ಅಲ್ಲಿ ಪಂದ್ಯದ ನಡುವೆ ಮನು ಭಾಕರ್ ಪಿಸ್ತೂಲು ಕೈಕೊಟ್ಟು, ರಿಪೇರಿಯಲ್ಲಿ ಹೊತ್ತು ಕಳೆದು, ಆಕೆ 12ನೇ ಸ್ಥಾನಕ್ಕೆ ಬಿದ್ದಿದ್ದರು.

ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಮೇಡಂ, ಪಿಸ್ತೂಲು ಕೆಟ್ಟಿತಾ?"

"ಇಲ್ಲ ಸರ್."

"ಮತ್ಯಾಕೆ ಹೊಡೀತಿಲ್ಲ? ಆ ಎಂ-ಸೀಲ್ ಏನಾದ್ರೂ..."

"ಸುಮ್ನೆ ಕೂತ್ಕೊಳ್ಳಿ ಸರ್."

ನಾಲ್ಕನೇ ಸಲ ಎತ್ತಿದಳು. ಟಪ್ ಎಂದಿತು. ಪರದೆಯ ಮೇಲೆ 9 ಬಂತು.

"ಅಯ್ಯೋ, ಒಂಬತ್ತು" ಎಂದರು ಅಪ್ಪ. ಹುಡುಗಿ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ತಿರುಗಿ ನನ್ನನ್ನು ನೋಡಿ ನಕ್ಕಳು. ಅವಳ ಅಂಗೈಯಲ್ಲಿ ಇನ್ನೂ ಸ್ವಲ್ಪ ವಿಭೂತಿ ಇತ್ತು.