ಓವರ್ ಆದರೇನು ಮಾರಾಯ?

ಮಂಗಳೂರಿನ ಕದ್ರಿ ಪಾರ್ಕಿನ ಹತ್ತಿರ ಚರುಮುರಿ ತಿನ್ನುತ್ತಾ ಶುರುವಾದ ನಮ್ಮ ಗೆಳೆಯರ ಜಗಳ ಈಗ ವಾಟ್ಸಾಪ್‌ಗೂ ಬಂದಿದೆ. ವಿಷಯ 1987ರ ಸಿನಿಮಾ ‘ಪ್ರೇಮಲೋಕ’. "ಭಯಂಕರ ಓವರ್ ಮಾರಾಯ, ಮಾತಾಡುವಲ್ಲೂ ಹಾಡ್ತಾರೆ" ಅಂತ ಒಬ್ಬ. ಅದರ ಮಜಾನೇ ಅದಲ್ವಾ! ಹುಡುಗ ಹುಡುಗಿಯ ಸಾದಾ ಮಾತನ್ನೇ ಹಂಸಲೇಖ ಹಾಡು ಮಾಡಿಟ್ಟರು. ಬೈಕು, ಬಣ್ಣ, ಎಲ್ಲ ಸ್ವಲ್ಪ ಜಾಸ್ತಿಯೇ, ಒಪ್ಪುತ್ತೇನೆ. ಆದರೆ ಹೀಗೆ ಬೈದವನಿಗೇ ಹಾಡೆಲ್ಲ ಬಾಯಿಪಾಠ ಉಂಟು.

ಉಪೇಂದ್ರ ಅವರ ‘ಎ’ (1998) ಸುದ್ದಿ ಬಂದರೆ ಮುಗಿಯಿತು. ಕಥೆ ಉಲ್ಟಾ, ಕೊನೆಯಿಂದ ಶುರುವಿನ ಕಡೆಗೆ. ನಮ್ಮಲ್ಲಿ ಅರ್ಧ ಜನಕ್ಕೆ ಅದು ಕಿರಿಕಿರಿ, ಉಳಿದರ್ಧಕ್ಕೆ ದೇವರು. ನನಗೆ ಅದೊಂದು ಗಡ್‌ಬಡ್ ಐಸ್‌ಕ್ರೀಮ್: ಜೆಲ್ಲಿ ಯಾಕೆ ಅಂತ ಕೇಳಬಾರದು, ಸುಮ್ನೆ ತಿನ್ನಬೇಕು.

ಅಚ್ಚುಕಟ್ಟಾದ ಸಿನಿಮಾಗಳ ಬಗ್ಗೆ ನಾವು ಇಷ್ಟು ಜಗಳ ಆಡಿದ್ದೇ ಇಲ್ಲ. "ಒಳ್ಳೆದುಂಟು" ಅಂದು ಮನೆಗೆ ಹೋಗುತ್ತೇವೆ.

ಇನ್ನು ತುಳು ಕಾಮಿಡಿ ಗಲಾಟೆ ಅನ್ನುವವರಿಗೆ ಒಂದು ಮಾತು. ‘ಒರಿಯರ್ದೊರಿ ಅಸಲ್’ (2011) ನಾಟಕದಿಂದ ಬಂದದ್ದು. ಕೊನೆಯ ಸಾಲಿನ ಕುರ್ಚಿಗೂ ಕೇಳಬೇಕಲ್ಲ! ಇದಕ್ಕೆ ಇನ್ನೂ ಯಾರೂ ರಿಪ್ಲೈ ಮಾಡಿಲ್ಲ. ಬ್ಲೂ ಟಿಕ್ ಮಾತ್ರ ಬಿದ್ದಿದೆ.